ಮೊದಲ ತೊಟ್ಟಿಯ ನೀರು

ನಮ್ಮೂರಿನಲ್ಲಿ ಯಾರು ಯಾವ ನೀರು ಕುಡಿಯುತ್ತಾರೋ ಅವರ ನೆರಳು ಅದೇ ಬಣ್ಣದ್ದಾಗಿರುತ್ತದೆ. ನೀಲಿ ಓಣಿಯವರದು ನೀಲಿ ನೆರಳು, ಕೆಂಪು ಓಣಿಯವರದು ಕೆಂಪು. ಎರಡೂ ಓಣಿಗಳ ಮೇಲ್ಗಡೆ ನೂಲಿಗೆ ಬಣ್ಣ ಕಟ್ಟುವ ಒಂದೊಂದು ಕಾರ್ಖಾನೆ ಇದೆ. ನೂಲಿಗೆ ಹತ್ತಿ ಉಳಿದ ಬಣ್ಣ ಹಳ್ಳಕ್ಕೆ, ಹಳ್ಳದ್ದು ಬಾವಿಗೆ, ಬಾವಿಯದು ನಮ್ಮ ಹೊಟ್ಟೆಗೆ. ಬಣ್ಣ ಹಿಡಿಯಲೆಂದು ಕೊಪ್ಪರಿಗೆಗೆ ಮೂಟೆಗಟ್ಟಲೆ ಉಪ್ಪು ಸುರಿಯುವುದರಿಂದ ನೀರೆಲ್ಲ ಉಪ್ಪುಪ್ಪು. ನಮ್ಮಲ್ಲಿ ಸಾರಿಗೆ ಬೇರೆ ಉಪ್ಪು ಹಾಕುವ ರೂಢಿಯೇ ಇಲ್ಲ. ಪರಊರಿನಲ್ಲಿ ಉಂಡು ಬಂದವರು ಅಲ್ಲಿಯ ಅಡುಗೆ ಸಪ್ಪೆ ಎಂದು ಮುಖ ಹಿಂಡುತ್ತಾರೆ.

ನಾನು ಗದಿಗೆಪ್ಪ, ನೀಲಿ ಓಣಿಯ ಬಾಯಲ್ಲಿ ನೆರಳು ನೋಡುವವನು. ಬೆಳಿಗ್ಗೆ ಬಿಸಿಲು ಕಾರ್ಖಾನೆಯ ಗೋಡೆ ದಾಟಿ ಬಂದೊಡನೆ ಕೆಲಸಗಾರರು ಒಬ್ಬೊಬ್ಬರಾಗಿ ಸುಣ್ಣ ಬಳಿದ ಚಪ್ಪಡಿಯ ಮುಂದೆ ಹಾದುಹೋಗುತ್ತಾರೆ. ನಾನು ಅವರ ಮುಖ ನೋಡುವುದಿಲ್ಲ. ಮುಖ ಏನು ಬೇಕಾದರೂ ಹೇಳುತ್ತದೆ. ಚಪ್ಪಡಿಯ ಮೇಲೆ ಬಿದ್ದ ನೆರಳು ನೀಲಿ ಇದ್ದರೆ ಒಳಗೆ. ಅದರಲ್ಲಿ ತುಸುವಾದರೂ ನೇರಳೆ ಕಂಡಿತೋ, ಆಸಾಮಿ ಕೆಂಪು ಓಣಿಯಲ್ಲಿ ನೀರು ಕುಡಿದಿದ್ದಾನೆ. ನೀರು ಕುಡಿದವನು ಕೂತಿರುತ್ತಾನೆ, ಕೂತವನು ಮಾತಾಡಿರುತ್ತಾನೆ, ಮಾತಾಡಿದವನ ಬಾಯಿಂದ ನಮ್ಮ ನೀಲಿಯ ಗುಟ್ಟು ಆಚೆ ಹೋಗಿರುತ್ತದೆ. ಮೂವತ್ತು ವರ್ಷದಲ್ಲಿ ಹನ್ನೊಂದು ಜನರನ್ನು ಹೀಗೆ ಹಿಂದಕ್ಕೆ ಕಳಿಸಿದ್ದೇನೆ. ಅವರಲ್ಲಿ ಒಬ್ಬ ಕೆಂಪು ಓಣಿಯಲ್ಲಿದ್ದ ಅಕ್ಕನ ಮಣ್ಣಿಗೆ ಹೋಗಿ ಬಂದವನು. "ಸತ್ತವರ ಮನ್ಯಾಗ ಬಾಯಿ ಒಣಗಾಂಗಿಲ್ಲೇನೋ ಗದಿಗೆಪ್ಪ, ಒಂದು ಗುಟುಕು ಕುಡದೆ" ಎಂದು ಗೋಗರೆದ. ಒಣಗಲಿ, ನಮ್ಮ ಓಣಿಗೆ ಬಂದು ಒದ್ದೆ ಮಾಡಿಕೊಳ್ಳಬಹುದಿತ್ತಲ್ಲ ಎಂದೆ. ನನ್ನನ್ನು ಕಂಡರೆ ಓಣಿಗೆ ಪ್ರೀತಿ ಇಲ್ಲ, ನನಗೆ ಅದರಿಂದ ಬೇಸರವೂ ಇಲ್ಲ.

ಉಳಿದವರೂ ನನಗಿಂತ ಕಡಿಮೆಯವರಲ್ಲ. ಅತ್ತೆಯಂದಿರು ಸೊಸೆಯ ನೆರಳು ನೋಡಿಯೇ ಅನ್ನ ಬಡಿಸುತ್ತಾರೆ. ಕೆಂಪು ಓಣಿಯಿಂದ ಹೆಣ್ಣು ತಂದರೆ ಮೂರು ದಿನ ಅಂಗಳದ ಬಿಸಿಲಲ್ಲಿ ಕೂರಿಸಿ, ನೆರಳು ಪೂರ್ತಿ ತಿರುಗಿದ ಮೇಲೆ ಒಳಗೆ ಕರೆದುಕೊಳ್ಳುತ್ತಾರೆ. ಮೋಡ ಕವಿದ ದಿನ ಕಾರ್ಖಾನೆಗೆ ರಜೆ. ಅಂದು ಯಾರೂ ಯಾರ ಮನೆಗೂ ಹೋಗುವುದಿಲ್ಲ, ಬಾಗಿಲು ಹಾಕಿಕೊಂಡು ಮಲಗುತ್ತಾರೆ.

ಇಂಥ ಊರಿಗೆ ಅವಳು ಕರಿ ನೆರಳು ಹಾಸಿಕೊಂಡು ಬಂದಳು. ಹೆಸರು ಸುಮಿತ್ರಾ ಹರಿಕಂತ್ರ, ಕಡಲ ಕಡೆಯವಳು, ನಲವತ್ತರ ಆಸುಪಾಸು. ನಮ್ಮ ಹಳ್ಳದ ಕೆಳಗಿನ ಊರುಗಳವರು ನೀರು ಕೆಟ್ಟಿತೆಂದು ಕೋರ್ಟಿಗೆ ಹೋಗಿದ್ದರು. ನೀರು ತೊಳೆದು ಬಿಡಬೇಕೆಂದು ಕೋರ್ಟು ಹೇಳಿತ್ತು. ತೊಳೆಯಲು ಬಂದವಳು ಇವಳು. ಊರವರ ಬಾಯಲ್ಲಿ ಎರಡೇ ದಿನಕ್ಕೆ ಕಡಲಬಾಯಿ ಆದಳು. ಅವಳ ಟಂಟಂ ಗಾಡಿ ಓಣಿಯ ಬಾಯಲ್ಲಿ ನಿಂತಾಗ ಇಳಿಸಿ ಚಪ್ಪಡಿಯ ಮುಂದೆ ನಿಲ್ಲಿಸಿದೆ. ನೆರಳು ರೊಟ್ಟಿ ಹಂಚಿನ ತಳದಷ್ಟು ಕಪ್ಪು! ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು.

"ಬಾಯಾರ, ಎಲ್ಲಿ ನೀರು ಕುಡದು ಬಂದೀರಿ?"

"ಗುಡ್ಡದಾಚೆ ಒರತೆ ಅದೆಯಲ್ಲ, ಅಲ್ಲಿದು. ಎಂತಕ್ಕೆ?"

"ಬಣ್ಣನ ಕಾಣವಲ್ದು."

"ಇಲ್ಲ, ಹಾಗಾಗಿ ಕಾಣುದಿಲ್ಲ."

ಆ ಉತ್ತರ ನನಗೆ ಹಿಡಿಸಲಿಲ್ಲ. ಅಷ್ಟು ಚಿಕ್ಕ ಉತ್ತರ ಕೊಡುವವರು ಏನನ್ನೋ ಮುಚ್ಚಿಟ್ಟಿರುತ್ತಾರೆ. ಕಾರ್ಖಾನೆಯ ಯಜಮಾನ ಮಹಾರುದ್ರಪ್ಪ ಸಾವ್ಕಾರರಿಗೂ ಹಿಡಿಸಲಿಲ್ಲ. ನನ್ನನ್ನು ಬದಿಗೆ ಕರೆದು, "ಗದಿಗೆಪ್ಪ, ಅಕಿ ಮ್ಯಾಲೆ ಒಂದು ಕಣ್ಣಿಡು. ಕೋರ್ಟಿನವರು ಕಳಿಸ್ಯಾರ ಅಂತ ಸುಮ್ಮನದೇನಿ. ನಮ್ಮ ಬಣ್ಣ ಅಕಿ ಕೈಗೆ ಸಿಕ್ಕು ಆಚಿ ಓಣಿಗೆ ಹೋಗಬಾರ್ದು" ಎಂದರು. ಒಂದು ಕಣ್ಣೇಕೆ, ನಾನು ಎರಡೂ ಇಟ್ಟೆ. ಬೆಳಗಿನ ಕೆಲಸ ಮುಗಿದೊಡನೆ ಹಳ್ಳದ ದಂಡೆಗೆ ಹೋಗಿ ಕೂರುತ್ತಿದ್ದೆ.

ಅವಳು ಸಿಮೆಂಟಿನ ಒಂದು ತೊಟ್ಟಿ ಕಟ್ಟಿಸಿ, ಹಳ್ಳದ ನೀಲಿ ನೀರನ್ನು ಅದಕ್ಕೆ ತಿರುಗಿಸಿದಳು. ಆಮೇಲೆ ಕ್ಯಾನುಗಳಿಂದ ಕಪ್ಪು ಕೆಸರು ಸುರಿದಳು. ಕೊಳೆತ ಮೀನಿನ ವಾಸನೆ ಓಣಿಯ ಕೊನೆಯ ಮನೆಗೂ ಮುಟ್ಟಿತು.

"ಇದರಾಗ ಏನೈತ್ರಿ?" ಎಂದೆ.

"ಜೀವ ಅದೆ ಗದಿಗೆಪ್ಪನವರೇ. ಬ್ಯಾಕ್ಟೀರಿಯಾ ಹೇಳ್ತಾರೆ. ಹಳೇ ದೋಣಿ ಕಟ್ಟಿ ಹಾಕುವ ಜಾಗದ ಕೆಸರು ಇದು. ಕಣ್ಣಿಗೆ ಕಾಣುದಿಲ್ಲ. ನಿಮ್ಮ ಬಣ್ಣ ಇವುಕ್ಕೆ ಊಟ."

"ನಮ್ಮೂರ ಮಣ್ಣಾಗ ಅಂಥಾ ಜೀವ ಇಲ್ಲೇನು? ಕಡಲಿಂದ ಯಾಕ ತರಬೇಕು?"

"ನಿಮ್ಮ ನೀರಿನ ಉಪ್ಪಿಗೆ ಊರ ಮಣ್ಣಿನವು ಸತ್ತು ಹೋಗ್ತವೆ ಮಾರಾಯ್ರೆ. ಇವು ಉಪ್ಪಲ್ಲೇ ಹುಟ್ಟಿದ್ದು."

ಕಣ್ಣಿಗೆ ಕಾಣದ್ದು, ಬಣ್ಣ ತಿನ್ನುವಂಥದ್ದು, ಪರಊರಿನದು. ಒಂದೇ ವಸ್ತುವಿನಲ್ಲಿ ಇಷ್ಟೂ ಸೇರಿದರೆ ಯಾರಿಗೆ ನಿದ್ದೆ ಬರುತ್ತದೆ? ಮಾತು ಓಣಿಯಲ್ಲಿ ಹಬ್ಬಿತು. ಹೆಂಗಸರು ಒಳ್ಳೆಯ ಸೀರೆಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಪಕ್ಕದ ಮನೆಯ ತಿಪ್ಪವ್ವ ತನ್ನ ಗಂಡನ ಮೀಸೆ ಒಂದೇ ವಾರದಲ್ಲಿ ಬೆಳ್ಳಗಾಯಿತೆಂದು ಬಾವಿಕಟ್ಟೆಯ ಮೇಲೆ ನಿಂತು ಸಾರಿದಳು. ಅವನ ಮೀಸೆ ಬೆಳ್ಳಗಾಗಿ ಆರು ವರ್ಷವಾಗಿತ್ತು. ಆದರೂ ಯಾರೂ ಎದುರಾಡಲಿಲ್ಲ.

ನಾಲ್ಕನೆಯ ದಿನ ಅವಳು ತೊಟ್ಟಿಯ ಮುಚ್ಚಳ ಸರಿಸಿದಾಗ ನೀರು ಮಳೆಯ ನೀರಿನಷ್ಟು ತಿಳಿಯಾಗಿತ್ತು. ತಳದ ಸಿಮೆಂಟು ಕಂಡಿತು, ನನ್ನ ಮುಖ ಕಂಡಿತು. ನೀಲಿ ನೀರು ಒಳಗೆ ಹೋಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ, ಬೆಳಗಿನ ಕೆಲಸ ಮುಗಿದ ಮೇಲೆ ಸಂಜೆಯವರೆಗೆ ದಂಡೆ ಬಿಟ್ಟು ಕದಲಿರಲಿಲ್ಲ.

ಅವಳೇನೂ ಹಿಗ್ಗಲಿಲ್ಲ. "ಇದು ಕುಡಿಯುಕಲ್ಲ, ಮತ್ತೆ. ಎಲ್ಲರಿಗೂ ಹೇಳಿ" ಎಂದಳು. "ಬಣ್ಣ ಹೇಳುದು ಜಾಲಿಮುಳ್ಳಿನ ಹೊರೆ ಇದ್ದ ಹಾಗೆ. ಇವು ಹೊರೆಯ ಹಗ್ಗ ಕಡಿದು ಹಾಕಿದ್ದು ಅಷ್ಟೆ. ಹೊರೆ ಕಾಣುದಿಲ್ಲ, ಮುಳ್ಳೆಲ್ಲ ನೀರಲ್ಲೇ ಬಿದ್ದುಕಂಡದೆ. ಹೊರೆಗಿಂತ ಬಿಡಿ ಮುಳ್ಳೇ ಕಾಲಿಗೆ ಹೆಚ್ಚು ಚುಚ್ಚುದು, ಅಲ್ದಾ? ಎರಡನೇ ತೊಟ್ಟಿ ಕಟ್ಟಿ, ಗಾಳಿ ಊದಿ, ಬೇರೆ ಜೀವ ಬಿಟ್ಟ ಮೇಲೆ ಅವು ಮುಳ್ಳು ತಿನ್ನುದು. ಇನ್ನೂ ಒಂದು ತಿಂಗಳು ಬೇಕು." ಹೇಳಿ ಮುಚ್ಚಳ ಎಳೆದಳು.

ಮುಚ್ಚಳ ಎಳೆದದ್ದೇ ನನಗೆ ಸಾಕಾಯಿತು. ಬಾವಿಯ ನೀಲಿ ನೀರನ್ನು ಯಾರೂ ಮುಚ್ಚಿಡಲಿಲ್ಲ, ತಿಳಿನೀರಿಗೆ ಮುಚ್ಚಳವೇಕೆ? ನನ್ನ ಅನುಭವದಲ್ಲಿ ಮುಟ್ಟಬೇಡ ಎಂದು ಹೇಳುವ ವಸ್ತುವೇ ಎಲ್ಲಕ್ಕಿಂತ ಒಳ್ಳೆಯದಾಗಿರುತ್ತದೆ. ಚೆಂದದ ನೀರು ಮಾಡಿ ಯಾರಿಗೋ ಕಾದಿಟ್ಟಿದ್ದಾಳೆ ಎಂದುಕೊಂಡೆ.

ಇಷ್ಟಕ್ಕೂ ನನಗೆ ಆ ನೀರಿನ ಮೇಲೆ ಆಸೆ ಹುಟ್ಟಲು ಕಾರಣ ನನ್ನ ಮಗಳು. ಶಾವಂತ್ರಿ ನನಗೆ ಒಬ್ಬಳೇ. ಅವಳವ್ವ ತೀರಿಕೊಂಡ ಮೇಲೆ ಬೇರೆ ಯಾರೂ ಇಲ್ಲ. ಅಳಿಯ ಈರಪ್ಪ ಕಾರ್ಖಾನೆಯಲ್ಲಿ ಕೊಪ್ಪರಿಗೆ ಕಲಕುವವನು, ಇಬ್ಬರೂ ನನ್ನ ಜೊತೆಗೇ ಇದ್ದರು. ಎರಡು ಸಲ ಬಸುರಾಗಿ, ಎರಡು ಸಲವೂ ಆರನೆಯ ತಿಂಗಳಲ್ಲಿ ಮಗು ಹೋಗಿತ್ತು. ಈಗ ಮೂರನೆಯದು, ಐದು ತಿಂಗಳು. ದಿನ ಎಣಿಸುತ್ತ ಅವಳು ಕೂರುತ್ತಿದ್ದುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ದಿನ ಕಡಲಬಾಯಿ ನಮ್ಮ ಅಂಗಳದಲ್ಲಿ ಹಾದುಹೋಗುವಾಗ ಶಾವಂತ್ರಿಯನ್ನು ನೋಡಿ ನಿಂತಳು. ಹಿಂದಿನದನ್ನೆಲ್ಲ ಕೇಳಿ ತಿಳಿದುಕೊಂಡು, "ಈ ನೀಲಿ ನೀರು ಬಿಟ್ಟುಬಿಡು ಮಗಾ. ದಿನಾ ನಾನು ಒರತೆಗೆ ಹೋಗ್ತೆ. ನಿನಗೂ ಒಂದು ಕೊಡ ತಂದರೆ ನನಗೇನು ಭಾರ?" ಎಂದಳು.

ಅವಳು ಹೋದ ಮೇಲೆ ಶಾವಂತ್ರಿ ನನ್ನ ಹಿಂದೆ ಬಿದ್ದಳು. "ಅಪ್ಪಾ, ಹೂಂ ಅನ್ನೋ. ಅಕಿ ಕಣ್ಣಾಗ ಕೆಟ್ಟದ್ದಿಲ್ಲ."

"ಕಣ್ಣಾಗ ಏನೈತಿ ಅಂತ ನಿನಗೇನ ಗೊತ್ತು? ಆ ಕೊಡ ಅಕಿ ಎಲ್ಲಿ ತುಂಬ್ತಾಳ, ಏನ ಹಾಕ್ತಾಳ, ನೋಡಿದವರು ಯಾರು?"

"ಎರಡ ಕೂಸು ಈ ಓಣಿ ನೀರು ಕುಡದ ಕಳಕೊಂಡೇನಿ. ಇದರಾಗ ಏನ ಹಾಕ್ಯಾರ ಅಂತ ನೀ ಎಂದರ ಕೇಳಿದ್ಯಾ?"

ಸಿಟ್ಟು ಬಂತು, ಎದ್ದು ಹೋದೆ. ಆದರೆ ಆ ಮಾತು ಮುಳ್ಳಾಗಿ ಒಳಗೇ ಉಳಿಯಿತು. ಒರತೆಯ ನೀರು ನಾನು ಕಾಣದ್ದು. ತೊಟ್ಟಿಯ ನೀರಾದರೆ ನೀಲಿಯಾಗಿ ಹೋಗಿ ತಿಳಿಯಾಗಿ ಬಂದದ್ದನ್ನು ಕಾವಲು ಕೂತು ನೋಡಿದ್ದೇನೆ. ನಂಬುವುದಾದರೆ ನನ್ನ ಕಣ್ಣನ್ನೇ ನಂಬಬೇಕಲ್ಲವೇ?

ಹಾಗೆಂದು ಕಣ್ಣು ಮುಚ್ಚಿ ಮಗಳಿಗೆ ಕುಡಿಸುವ ಪೆದ್ದ ನಾನಲ್ಲ. ಮೊದಲು ನಾನೇ ಕುಡಿದೆ. ಮಧ್ಯಾಹ್ನ ಕಡಲಬಾಯಿ ಒರತೆಗೆ ಹೋದಾಗ ಮುಚ್ಚಳ ಸರಿಸಿ ಒಂದು ತಂಬಿಗೆ ಎತ್ತಿಕೊಂಡೆ. ಉಪ್ಪು ಎಂದಿನಷ್ಟೇ, ಜೊತೆಗೆ ತುಸು ಕಹಿ. ಎರಡು ದಿನ ಅದನ್ನೇ ಕುಡಿದೆ. ಮೊದಲ ದಿನ ನೆರಳು ಬೂದಿಯಾಯಿತು, ಎರಡನೆಯ ದಿನ ಅಪ್ಪಟ ಕಪ್ಪು. ಆ ಎರಡು ದಿನ ಬೇವಿನ ಮರದ ಕೆಳಗೆ ನಿಂತು ಕೆಲಸ ಮಾಡಿದೆ. ನೆರಳು ನೋಡುವವನ ನೆರಳನ್ನು ಯಾರು ನೋಡುತ್ತಾರೆ? ಬಣ್ಣದ ಸುಳಿವೂ ಇಲ್ಲದ ನೀರು ಎಂದು ನೆರಳೇ ಹೇಳಿತ್ತು. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನಾನು ಮತ್ತೆ ಬಾವಿಯ ನೀರಿಗೆ ಮರಳಿದೆ, ತೊಟ್ಟಿಯ ನೀರು ದಿನವೂ ಮಧ್ಯಾಹ್ನ ಒಂದು ಕೊಡ ಮನೆಗೆ ಬರತೊಡಗಿತು.

"ಬಾಯಾರು ಕೊಟ್ಟಾರ" ಎಂದೆ ಶಾವಂತ್ರಿಗೆ. ಅವಳಿಗೆ ಬೇಕಾಗಿದ್ದುದು ಆ ಮಾತು. ತೊಟ್ಟಿಯದೆಂದರೆ ಕುಡಿಯುತ್ತಿರಲಿಲ್ಲ, ಕಡಲಬಾಯಿ ಬೇಡವೆಂದದ್ದು ಅವಳ ಕಿವಿಗೂ ಬಿದ್ದಿತ್ತು. "ಒರತಿ ನೀರೂ ಉಪ್ಪ ಇರ್ತೈತೇನಪ್ಪ?" ಎಂದು ಒಮ್ಮೆ ಕೇಳಿದಳು. ಇರುತ್ತದೆ ಎಂದೆ. ಅವಳು ಎಂದೂ ಓಣಿ ದಾಟಿ ಕುಡಿದವಳಲ್ಲ, ನಂಬಿದಳು. ಮೂರನೆಯ ದಿನ ಅಂಗಳದ ಬಿಸಿಲಿಗೆ ಕೈ ಚಾಚಿ, ನೆಲದ ಮೇಲೆ ಬಿದ್ದ ಐದು ಕಪ್ಪು ಬೆರಳು ನೋಡಿ ನಕ್ಕಳು. "ನನ್ನ ಕೂಸಿನ ನೆಳ್ಳೂ ಹಿಂಗ ಇರ್ತೈತಿ" ಎಂದಳು. ಎಷ್ಟು ದಿನವಾಗಿತ್ತು ಅವಳು ನಕ್ಕು! ನನಗೆ ಅಳು ಬಂತು. ಹೊರಗಿನವರ ಕಣ್ಣಿಗೆ ಬೀಳಬೇಡ, ಒಳಗೇ ಇರು ಎಂದು ಹೇಳಿ ಸಮಾಧಾನವಾಗಿ ನಿದ್ದೆ ಮಾಡಿದೆ.

ವಾರ ಕಳೆಯುವುದರೊಳಗೆ ತಲೆನೋವು ಎಂದಳು. ಬಸುರಿಗೆ ತಲೆನೋವು ಹೊಸದೇ ಎಂದೆ. ಹತ್ತನೆಯ ದಿನ ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು. ಬಾಗಿಲ ಬೆಳಕಿಗೆ ಕರೆದು ನೆರಳು ನೋಡಿದೆ. ಕಪ್ಪೇ ಇತ್ತು, ಒಂದು ಎಳೆ ನೀಲಿ ಇರಲಿಲ್ಲ. ಎಲ್ಲ ಸರಿ ಇದೆ, ಇನ್ನೆರಡು ಲೋಟ ಹೆಚ್ಚು ಕುಡಿ ಎಂದೆ. ಕುಡಿದಳು. ಮೂವತ್ತು ವರ್ಷ ನೆಲ ನೋಡಿಯೇ ಬದುಕಿದ ನಾನು ಆಗಲೂ ತಲೆ ಎತ್ತಿ ಅವಳ ಮುಖ ನೋಡಲಿಲ್ಲ.

ನೋಡಿದವಳು ತಿಪ್ಪವ್ವ. ಹನ್ನೆರಡನೆಯ ದಿನ ಬೆಳಿಗ್ಗೆ ಬೆಂಕಿ ಕೇಳಲು ಬಂದವಳು ಓಣಿಯ ಬಾಯಿಯವರೆಗೂ ಕೇಳುವ ಹಾಗೆ ಚೀರಿದಳು. "ಅಯ್ಯ, ಇವಳ ತುಟಿ ನೋಡ್ರಿ!" ಚಪ್ಪಡಿ ಬಿಟ್ಟು ಓಡಿಬಂದೆ. ಶಾವಂತ್ರಿ ಕಂಬಕ್ಕೆ ಒರಗಿ ಕೂತಿದ್ದಳು. ತುಟಿ, ಉಗುರು, ಕಣ್ಣಿನ ಸುತ್ತ, ಎಲ್ಲ ನೀಲಿ. ಕಾಲ ಬಳಿಯ ನೆರಳು ಮಾತ್ರ ಕಪ್ಪು.

ಯಾರೋ ಹೇಳಿ ಕಡಲಬಾಯಿಯೂ ಬಂದಳು, ಹಿಂದೆಯೇ ಅರ್ಧ ಓಣಿ ಬಂತು. ಅವಳು ಮಗಳ ಉಗುರು ಒತ್ತಿ ನೋಡಿ, "ಯಾವ ನೀರು ಕುಡಿದೆ ಮಗಾ?" ಎಂದಳು.

"ನೀವು ಕೊಟ್ಟದ್ದ ರೀ" ಎಂದಳು ಶಾವಂತ್ರಿ, ಉಸಿರು ಹಿಡಿದು ಹಿಡಿದು. "ಹನ್ನೆರಡ ದಿನ ಆತು. ಅಪ್ಪ ದಿನಾ ತರ್ತಾನಲ್ರಿ, ನಿಮ್ಮ ಕೊಡದಿಂದ."

ಜನ ಗುಂಯ್ ಎಂದಿತು. "ಕರಿ ನೆಳ್ಳ ನೋಡ್ರಿ ಹುಡುಗೀದು!" "ಅಕಿನ ಹಾಕ್ಯಾಳ!" "ಕೊಂದಳಲ್ರೋ ಬಸುರೀನ!" ಮಹಾರುದ್ರಪ್ಪ ಸಾವ್ಕಾರರು ಮುಂದೆ ಬಂದು, "ನಾ ಮೊದಲ ಹೇಳಿರ್ಲಿಲ್ಲೇನು? ಇಕಿನ್ನ ಇವತ್ತ ಊರು ಬಿಡಸ್ರಿ, ತೊಟ್ಟಿ ಒಡೀರಿ" ಎಂದರು. ಕಡಲಬಾಯಿ ನನ್ನ ಕಡೆ ತಿರುಗಿದಳು. ತಾನು ಕೊಟ್ಟಿಲ್ಲವೆಂದು ಅವಳಿಗೆ ಗೊತ್ತು. ನಾನು ತಂದದ್ದು ಎಲ್ಲಿಯ ನೀರೆಂದು ಗೊತ್ತಿಲ್ಲ.

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಅವಳ ಮೇಲೆ ಮೊದಲೇ ಎಲ್ಲರಿಗೂ ಅನುಮಾನ, ಅದನ್ನು ನೀರೆರೆದು ಬೆಳೆಸಿದವನು ನಾನೇ. ಒಂದು ಕ್ಷಣ ಸುಮ್ಮನಿದ್ದೆ ಕೂಡ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಶಾವಂತ್ರಿಯ ಎದೆ ಏರಿಳಿಯುವುದು ಕಾಣುತ್ತಿತ್ತು, ಅವಳೊಳಗೆ ಇನ್ನೊಂದು ಜೀವವಿತ್ತು. ಏನು ಹೊಕ್ಕಿದೆ ಎಂದು ತಿಳಿಯದೆ ಯಾರು ಏನು ಮದ್ದು ಕೊಟ್ಟಾರು?

"ತೊಟ್ಟೀದು" ಎಂದೆ. "ಮೊದಲನೇ ತೊಟ್ಟೀದು. ನಾನ ಕದ್ದು ತಂದೆ. ದಿನಾ ಒಂದು ಕೊಡ. ಬಾಯಾರು ಕೊಟ್ಟಿಲ್ಲ, ಅವರಿಗೆ ಗೊತ್ತೂ ಇಲ್ಲ."

ಕಡಲಬಾಯಿಯ ಮುಖ ಬಿಳಚಿಕೊಂಡಿತು. "ಅಯ್ಯೋ ದೇವರೇ, ಕುಡಿಯುಕಲ್ಲ ಹೇಳಿದ್ದೆನಲ್ಲ" ಎಂದವಳು ಅಷ್ಟಕ್ಕೇ ನಿಲ್ಲಿಸಿ, ಗಾಡಿ ತರಲು ಓಡಿದಳು.

ಓಣಿಯವರು ಮಾತ್ರ ನನ್ನನ್ನು ನಂಬಲಿಲ್ಲ! "ಗದಿಗೆಪ್ಪ, ಅಕಿ ನಿನಗ ಏನ ಕುಡಿಸ್ಯಾಳ?" ಎಂದರು ಸಾವ್ಕಾರರು. "ಮುದುಕನ್ನ ಹೆದರಿಸ್ಯಾಳ್ರಿ" ಎಂದಿತು ಇನ್ನೊಂದು ದನಿ. ಆಣೆ ಮಾಡಿದೆ, ಕೂಗಿದೆ, ತಂದ ಕೊಡ ತೋರಿಸಿದೆ. ಮೂವತ್ತು ವರ್ಷ ಯಾರ ಮಾತನ್ನೂ ನಂಬಬೇಡಿರೆಂದು ಕಲಿಸಿದ್ದೆನಲ್ಲ, ಚೆನ್ನಾಗಿಯೇ ಕಲಿತಿದ್ದರು. ಟಂಟಂ ಗಾಡಿಯ ಮುಂದೆ ಹತ್ತು ಜನ ಅಡ್ಡ ನಿಂತರು. ಈರಪ್ಪ ಕಾರ್ಖಾನೆಯಿಂದ ನೀಲಿ ಕೈಯಲ್ಲೇ ಓಡಿಬಂದು ಹೆಂಡತಿಯನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಚೀರಿದ್ದ ತಿಪ್ಪವ್ವ ಗಾಡಿಯ ಮುಂದಿನ ಸೀಟಿಗೆ ಹತ್ತಿ ಕೂತು, "ಹಾದಿ ಬಿಡ್ರೋ! ಮೊದಲ ಹುಡುಗಿ ಉಳೀಲಿ, ಆಮ್ಯಾಲೆ ಯಾರನ್ನ ಬೇಕಾದ್ರ ಬಡೀರಿ" ಎಂದು ಅರಚಿದಳು. ಅವಳ ಬಾಯಿಗೆ ಹೆದರದವರು ಓಣಿಯಲ್ಲಿ ಇಲ್ಲ, ದಾರಿ ಬಿಟ್ಟರು.

ಗುಡ್ಡದಾಚೆಯ ಆಸ್ಪತ್ರೆಯಲ್ಲಿ ಕಡಲಬಾಯಿ ಡಾಕ್ಟರಿಗೆ ಅವರ ಭಾಷೆಯಲ್ಲಿ ಎಲ್ಲ ಹೇಳಿದಳು, ಯಾವ ತೊಟ್ಟಿ, ಎಷ್ಟು ದಿನ, ದಿನಕ್ಕೆ ಎಷ್ಟು. ನಡುನಡುವೆ ನನ್ನನ್ನು ಕೇಳಿದಳು, ನಾನು ಒಂದಕ್ಕೂ ಸುಳ್ಳು ಹೇಳಲಿಲ್ಲ. ನೀರಿನಲ್ಲಿದ್ದುದು ರಕ್ತಕ್ಕೆ ಸೇರಿ, ಉಸಿರಿನ ಗಾಳಿಯನ್ನು ರಕ್ತ ಹಿಡಿದುಕೊಳ್ಳದ ಹಾಗೆ ಮಾಡಿದೆ, ಗೊತ್ತಾಗದಿದ್ದರೆ ಎದೆಯ ಕಾಯಿಲೆ ಎಂದುಕೊಂಡು ದಿನ ಕಳೆದುಬಿಡುತ್ತಿದ್ದೆವು ಎಂದರು ಡಾಕ್ಟರು. ಮೂಗಿಗೆ ಗಾಳಿಯ ಕೊಳವೆ, ಕೈಗೆ ಸೂಜಿ. ಎರಡು ದಿನ ನಾನು ಮೆಟ್ಟಿಲ ಮೇಲೆಯೇ ಕೂತಿದ್ದೆ. ಈರಪ್ಪ ನನ್ನನ್ನು ದಾಟಿಕೊಂಡೇ ಒಳಗೆ ಹೊರಗೆ ಓಡಾಡಿದ.

ಮೂರನೆಯ ದಿನ ತುಟಿಗೆ ತುಟಿಯ ಬಣ್ಣ ಬಂತು. ನರ್ಸು ನನ್ನನ್ನು ಒಳಗೆ ಕರೆದು, ಮಗುವಿನ ಎದೆ ಬಡಿತ ಕೇಳೆಂದು ಕಿವಿಗೆ ನಳಿಗೆ ಇಟ್ಟಳು. ಇದು ಇವಳದೇ ಇರಬಹುದಲ್ಲ, ಮಗುವಿನದೆಂದು ಹೇಗೆ ನಂಬಲಿ ಎಂದೆ. "ತಾಯೀದು ಇಷ್ಟು ಜೋರಾಗಿ ಓಡಾಂಗಿಲ್ಲ ಯಜ್ಜಾ" ಎಂದು ನಕ್ಕಳು. ಮತ್ತೆ ಕೇಳಿದೆ. ಓಡುತ್ತಿತ್ತು.

ಮಧ್ಯಾಹ್ನ ಶಾವಂತ್ರಿ ಕಣ್ಣು ತೆರೆದು ನೀರು ಎಂದಳು. ವಾರ್ಡಿನ ಮೂಲೆಯ ಗಡಿಗೆಯಿಂದ ಲೋಟ ತುಂಬಿ ತಂದು ಕೊಟ್ಟೆ. ಅವಳು ಎದ್ದು ಕೂತು ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ. ಮುಖದಲ್ಲಿ ಸಿಟ್ಟಿನ ಗೆರೆಯೂ ಇರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಎಲ್ಲೀದಪ್ಪ ಇದು?"

"ಇಲ್ಲೇ ಗಡಿಗ್ಯಾಗಿಂದು, ಯವ್ವಾ."

ಅವಳು ಲೋಟದೊಳಗೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಾಗಿಲ ಬಳಿ ನಿಂತಿದ್ದ ಕಡಲಬಾಯಿಯ ಕಡೆ ತಿರುಗಿ, "ಬಾಯಾರ, ಖರೇನ ಇದು ಗಡಿಗ್ಯಾಗಿಂದೇನ್ರಿ? ನೀವು ನೋಡಿದ್ರೇನು?" ಎಂದು ಕೇಳಿದಳು.

"ನೋಡಿದೆ ಮಗಾ. ಕುಡಿ."

ಆಗ ಗಟಗಟನೆ ಕುಡಿದಳು. ಇನ್ನೂ ಬೇಕೆಂದಳು. ನಾನು ಕೈ ಚಾಚಿದೆ. ಖಾಲಿ ಲೋಟವನ್ನು ಅವಳು ಕಡಲಬಾಯಿಯ ಕೈಗೆ ಕೊಟ್ಟಳು.